ಚಿತ್ರದ ಹಾಳೆ, ಬರಹದ ಹಾಳೆ

12 ಜುಲೈ 2024, ಶುಕ್ರವಾರ

ಗಿಡಗಳ ಬಣ್ಣದ ಚಿತ್ರ ಅಚ್ಚು ಹಾಕುತ್ತಿದ್ದ ಇಂಗ್ಲಿಷ್ ಪತ್ರಿಕೆ ಕರ್ಟಿಸ್ ಬೊಟಾನಿಕಲ್ ಮ್ಯಾಗಜಿನ್‌ನ ಹಳೆಯ ಚಿತ್ರ ಕೊಳ್ಳುವವರು ಮೊದಲು ಹೂವಿನ ಬಣ್ಣ ನೋಡುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದದ್ದು, ಇದರ ಬರಹದ ಹಾಳೆ ಎಲ್ಲಿ ಅಂತ. 1787ರ ಫೆಬ್ರವರಿಯಲ್ಲಿ ವಿಲಿಯಂ ಕರ್ಟಿಸ್ ಲಂಡನ್ನಿನಲ್ಲಿ ಶುರುಮಾಡಿದ ಈ ಮಾಸಿಕಕ್ಕೆ ಬೆಲೆ ಒಂದು ಶಿಲಿಂಗ್, ಸಂಚಿಕೆಗೆ ಮೂರು ಚಿತ್ರ, ಪ್ರತಿ ಚಿತ್ರಕ್ಕೂ ಬರಹ. ಗಿಡ ಯಾವ ದೇಶದ್ದು, ಚಳಿ ತಡೆಯುತ್ತದೆಯೇ, ಬೀಜದಿಂದ ಬರುತ್ತದೋ ಕಡ್ಡಿಯಿಂದಲೋ, ಯಾರ ನರ್ಸರಿಯಲ್ಲಿ ಹೂ ಬಿಟ್ಟಿತು ಎಂಬುದು ಸಿಗುವುದು ಅಲ್ಲಿ. ಹ್ಯಾಕ್ನಿಯ ಲಾಡಿಜಸ್, ಹ್ಯಾಮರ್‌ಸ್ಮಿತ್‌ನ ಲೀ ಮತ್ತು ಕೆನೆಡಿ ಮುಂತಾದ ನರ್ಸರಿಯವರ ಹೆಸರು ಉಳಿದಿರುವುದೂ ಅಲ್ಲೇ. ಸಂಪುಟ ಬಿಚ್ಚಿ ಚಿತ್ರಗಳನ್ನು ಬಿಡಿಬಿಡಿಯಾಗಿ ಮಾರುವಾಗ ಆ ಹಾಳೆ ಕಸಕ್ಕೆ ಹೋಗುತ್ತದೆ, ಗಿಡ ಬೆಳೆಸಿದವರೂ ಅದರ ಜೊತೆಗೇ ಹೋಗುತ್ತಾರೆ.

ಅವರ ಕೆಲಸ ಸಣ್ಣದಲ್ಲ. ಬಿಸಿಲುನಾಡಿನ ಗಿಡ ಲಂಡನ್ನಿನ ಚಳಿಯಲ್ಲಿ ಬದುಕಿ ಹೂ ಬಿಟ್ಟರೆ ತಾನೇ ಕಲಾವಿದನಿಗೆ ಕೆಲಸ! ಲಾಡಿಜಸ್ ಮನೆತನ ಗಾಜಿನ ಮನೆಗಳಿಗೆ ಹಬೆಯ ಶಾಖ ಕೊಡುತ್ತಿತ್ತು. 1817ರಿಂದ 1833ರವರೆಗೆ 20 ಸಂಪುಟಗಳಲ್ಲಿ 2000 ಚಿತ್ರಗಳ ತಮ್ಮದೇ ಮಾಲೆಯನ್ನೂ ಹೊರತಂದರು. ಅದೇ ಮದ್ರಾಸಿನಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಹೊರತಂದ ಕಲ್ಲಚ್ಚಿನ (ಲಿಥೋಗ್ರಾಫ್) ಎಷ್ಟೋ ಚಿತ್ರಗಳಲ್ಲಿ ಕಲಾವಿದ ರಂಗಯ್ಯನವರ ಹೆಸರು ಚಿತ್ರದ ಬುಡದಲ್ಲೇ ಇದೆ. ಹಾಳೆ ಎಲ್ಲಿಗೆ ಹೋದರೂ ಹೆಸರು ಜೊತೆಗಿರುತ್ತದೆ. ಕರ್ಟಿಸ್ ಪತ್ರಿಕೆಗೆ ಗಿಡ ಬೆಳೆಸಿಕೊಟ್ಟ ತೋಟಗಾರರಿಗೆ ಆ ಭಾಗ್ಯವಿಲ್ಲ.

ಇನ್ನು ಬಣ್ಣದ ಪರೀಕ್ಷೆ. ಕರ್ಟಿಸ್ ಪತ್ರಿಕೆಯ ಚಿತ್ರಗಳಿಗೆ 1948ರವರೆಗೂ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ (ಲೂಪ್) ಹಿಡಿದು ಒಂದು ಎಲೆಯ ಅಂಚನ್ನು ನಿಧಾನವಾಗಿ ಸುತ್ತಿ ನೋಡಿ. ಅಚ್ಚಿನ ಗೆರೆಯ ಮೇಲೆ ಜಲವರ್ಣ ಕೂತಿರುತ್ತದೆ. ಒಂದೆಡೆ ಗೆರೆ ದಾಟಿ ಕೂದಲೆಳೆಯಷ್ಟು ಹರಿದಿದ್ದರೆ, ಇನ್ನೊಂದೆಡೆ ಗೆರೆ ಮುಟ್ಟದೆ ನಿಂತಿರುತ್ತದೆ. ನಾಲ್ಕು ಬಣ್ಣದ ಚುಕ್ಕೆಗಳು ಸಮ ಅಂತರದಲ್ಲಿ ಕಂಡರೆ ಅದು ಈಚಿನ ಯಂತ್ರದ (ಆಫ್‌ಸೆಟ್) ಮರುಮುದ್ರಣ. ನೆರಳಿನ ಭಾಗ ಅಡ್ಡ ಬೆಳಕಿಗೆ ಮಿನುಗಿದರೆ ಬಣ್ಣ ಗಾಢವಾಗಲೆಂದು ಹಚ್ಚಿದ ಗೋಂದು ಅದು. ಹವೆಯ ತೇವ ಏರಿಳಿದಂತೆಲ್ಲ ಅದು ಬಿರುಕು ಬಿಡುತ್ತದೆ.

ಹಾಳೆ ತಿರುಗಿಸಿ. ತಾಮ್ರದ ಹಸಿರು ಬಳಸಿದ್ದರೆ ಎಲೆಯ ಆಕಾರ ಹಿಂಬದಿಯಲ್ಲಿ ಕಂದಾಗಿ ಮೂಡಿರುತ್ತದೆ, ಅಲ್ಲಿ ಕಾಗದ ಪೆಡಸಾಗಿರುತ್ತದೆ. ಬಿಳಿ ಎಸಳು ಮಸಿ ಮೆತ್ತಿದಂತೆ ಕಪ್ಪಾಗಿದ್ದರೆ ಸೀಸದ ಬಿಳಿಗೆ ಗಂಧಕದ ಗಾಳಿ ತಗುಲಿದೆ ಎಂದರ್ಥ. ಈಚೆಗೆ ಬಣ್ಣ ಹಚ್ಚಿದ ಹಾಳೆಯಲ್ಲಿ ಬಣ್ಣ ಮೇಲೆ ಕೂರದೆ ಒಳಗಿಳಿದು ಹರಡಿರುತ್ತದೆ, ಏಕೆಂದರೆ ಬಣ್ಣ ಹೀರದಂತೆ ಹಳೆಯ ಕಾಗದಕ್ಕೆ ಹಾಕಿದ್ದ ಸರಸು, ಅಂದರೆ ಅಂಟಿನ ಲೇಪ, ಅಷ್ಟು ಹೊತ್ತಿಗೆ ಸತ್ತಿರುತ್ತದೆ. ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ತಯಾರಕರ ಗುರುತಿನ (ವಾಟರ್‌ಮಾರ್ಕ್) ಇಸವಿ, ಚಿತ್ರದ ಬುಡದ ಇಸವಿಗಿಂತ ಈಚಿನದಾದರೆ ಅದು ಮರುಅಚ್ಚು. ಮೊದಲ ಸಂಪುಟಗಳನ್ನು ಮತ್ತೆ ಅಚ್ಚು ಹಾಕಿದ್ದುಂಟು. ಅಚ್ಚು ಹಾಕಿದ ತಾಮ್ರದ ತಗಡು ಕಾಗದದ ಮೇಲೆ ಒತ್ತಿದ ಗುರುತು ಕಾಣದಿದ್ದರೆ ಗಾಬರಿ ಬೇಡ, ಬೈಂಡ್ ಮಾಡುವಾಗ ಅಂಚು ಕತ್ತರಿಸಿರುತ್ತಾರೆ.

ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸುವಾಗ ಸೆಲೋಟೇಪ್ ಬೇಡವೇ ಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಮೇಲಂಚಿನ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಅದಕ್ಕೆ ಗೋಧಿ ಪಿಷ್ಟದ ಅಂಟು, ಹಿಂದೆ ಆಮ್ಲವಿಲ್ಲದ ಹತ್ತಿಯ ರಟ್ಟು, ಗಾಜು ಚಿತ್ರಕ್ಕೆ ತಾಗದಂತೆ ಕಿಟಕಿ ಕೊರೆದ ರಟ್ಟು. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಬೆಳಕಿಗೆ ಕೆಂಪು ಮೊದಲು ಸೋಲುತ್ತದೆ.

ಬರಹದ ಹಾಳೆ ಸಿಕ್ಕರೆ ಅದರ ಮೇಲೆ ಹೂವಿನ ಕಂದು ನೆರಳು ಬಿದ್ದಿದೆಯೇ ನೋಡಿ. ಮುಚ್ಚಿದ ಪುಸ್ತಕದಲ್ಲಿ ಎದುರುಬದುರಾಗಿದ್ದಾಗ ಚಿತ್ರ ಒತ್ತಿ ಮೂಡಿದ್ದು ಅದು. ನೆರಳು ಚಿತ್ರಕ್ಕೆ ಸರಿಹೊಂದಿದರೆ ಅವೆರಡೂ ಒಂದೇ ಪ್ರತಿಯವು. ನಡುವೆ ಆಮ್ಲವಿಲ್ಲದ ತೆಳುಕಾಗದ ಇಟ್ಟು ಒಂದೇ ಫೋಲ್ಡರಿನಲ್ಲಿಡಿ, ಚಿತ್ರದ ಸಂಖ್ಯೆಯನ್ನೂ ನರ್ಸರಿಯ ಹೆಸರನ್ನೂ ಫೋಲ್ಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ.