ಮುಖ ಇಲ್ಲದ ಡಾನ್ ಕ್ವಿಕ್ಸೋಟ್

ನಿನ್ನೆ ರಾತ್ರಿ ನಿದ್ದೆ ಬರ್ದೆ ಫೋನಲ್ಲಿ ಡಾನ್ ಕ್ವಿಕ್ಸೋಟ್ ಚಿತ್ರಗಳನ್ನ ನೋಡ್ತಾ ಕೂತಿದ್ದೆ, ಗಂಟೆ ಎರಡಾಗಿದ್ದೇ ಗೊತ್ತಾಗ್ಲಿಲ್ಲ. ವೀರರ ಕಥೆ ಓದಿ ಓದಿ ತಾನೇ ವೀರ ಅಂದ್ಕೊಂಡು ಹೊರಟವನ ಕಾದಂಬರಿ ಅದು. ಸ್ಪೇನಿನ ಲೇಖಕ ಸರ್ವಾಂಟಿಸ್ ಅದರ ಮೊದಲ ಭಾಗ ತಂದಿದ್ದು 1605ರಲ್ಲಿ, ಆಮೇಲೆ ಆ ಸಣಕಲು ಮುದುಕನ್ನ ಎಷ್ಟ್ ಜನ ಬಿಡಿಸಿದಾರೋ! 1863ರ ಗುಸ್ತಾವ್ ಡೋರೆ ಚಿತ್ರದಲ್ಲಿ ಅಜ್ಜ ಕುರ್ಚಿ ಮೇಲೆ ಕೂತು ಒಂದ್ ಕೈಲಿ ಪುಸ್ತಕ ಇನ್ನೊಂದ್ ಕೈಲಿ ಕತ್ತಿ ಎತ್ಕೊಂಡು ಓದ್ತಿದಾನೆ, ರೂಮ್ ತುಂಬಾ ಅವನ ತಲೆಯೊಳಗಿನ ಸೈನ್ಯವೆಲ್ಲಾ ಹೊರಗ್ ಬಂದಿದೆ, ನೆಲದ ಮೇಲೆ ಒಂದು ದೈತ್ಯನ ತಲೆ ಬೇರೆ ಬಿದ್ದಿದೆ. ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂತೀವಲ್ಲ, ಇವನು ದೈತ್ಯ ಅಂದ್ಕೊಂಡು ಗಾಳಿಯಂತ್ರಕ್ಕೇ ಗುದ್ದಿದವನು ಬಿಡಿ.

ಟೀ ಶರ್ಟ್ ಮೇಲೆಲ್ಲಾ ಬರುತ್ತಲ್ಲ ಆ ಕಪ್ಪು ಗೀಚು, ಅದು ಪಿಕಾಸೋದು, ಪುಸ್ತಕಕ್ಕೆ 350 ವರ್ಷ ಆಯ್ತು ಅಂತ 1955ರಲ್ಲಿ ಒಂದು ಫ್ರೆಂಚ್ ವಾರಪತ್ರಿಕೆಗೆ ಮಾಡ್ಕೊಟ್ಟಿದ್ದು. ನಾಲ್ಕು ಗೆರೆಲಿ ಬಡಕಲು ಕುದುರೆ, ಪಕ್ಕದಲ್ಲಿ ಕತ್ತೆ ಮೇಲೆ ಅವನ ಸೇವಕ ಸ್ಯಾಂಚೋ, ಮೇಲೆ ಸೂರ್ಯ, ಮುಗೀತು.

ಆದ್ರೆ ನನಗೆ ಹಿಡಿಸಿದ್ದು ಫ್ರೆಂಚ್ ಕಲಾವಿದ ದೋಮಿಯೇ ಬಿಡಿಸಿದ್ದು, ಮ್ಯೂನಿಕ್‌ನಲ್ಲಿದೆಯಂತೆ. ಉದ್ದ ಕತ್ತು, ಈಟಿ, ಕುದುರೆ ಎಲ್ಲಾ ಇದೆ, ಮುಖ ಇರೋ ಜಾಗದಲ್ಲಿ ಮಾತ್ರ ಕಣ್ಣಿಲ್ಲ ಮೂಗಿಲ್ಲ, ಬರೀ ಬಣ್ಣ. ಆದ್ರೂ ಯಾರು ಅಂತ ತಕ್ಷಣ ಗೊತ್ತಾಗುತ್ತೆ ಮಾರಾಯ್ರೆ. ಅದನ್ನೇ ಡಿಪಿ ಹಾಕಿದೀನಿ, ಅಮ್ಮ ಬೆಳಿಗ್ಗೆನೇ ಫೋನ್ ಮಾಡಿ ಫೋಟೋ ಸರಿಯಾಗ್ ಬಂದಿಲ್ಲ ತೆಗಿ ಅಂದ್ರು 😄