ಚೌಕಟ್ಟಿನಾಚೆ ಉಳಿದ ಮುಖ

ಏಪ್ರಿಲ್ 21, 2026, ಮಂಗಳವಾರ

1954ರಲ್ಲಿ ಇದೇ ದಿನ ನ್ಯೂಯಾರ್ಕ್‌ನಲ್ಲಿ ವಿಲಿಯಂ ಗೇನ್ಸ್ ಎಂಬ ಕಾಮಿಕ್ಸ್ ಪ್ರಕಾಶಕರು ಬಾಲಾಪರಾಧದ ತನಿಖೆ ನಡೆಸುತ್ತಿದ್ದ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಕೂತು, ಒಂದು ಮುಖಪುಟಕ್ಕೆ ಜವಾಬು ಕೊಡಬೇಕಾಯಿತು. ಆ ಮುಖಪುಟವನ್ನೇ ಸಂಜೆಯಿಂದ ತೆರೆದಿಟ್ಟುಕೊಂಡು ನೋಡುತ್ತಿದ್ದೇನೆ.

'ಕ್ರೈಮ್ ಸಸ್ಪೆನ್‌ಸ್ಟೋರೀಸ್' 22ನೇ ಸಂಚಿಕೆ. ಚಿತ್ರ ಜಾನಿ ಕ್ರೇಗ್ ಅವರದು. ಸೂಟು ಹಾಕಿದ ಗಂಡಸು, ಒಂದು ಕೈಯಲ್ಲಿ ಕೊಡಲಿ. ಇನ್ನೊಂದು ಕೈಯಲ್ಲಿ ಕೂದಲು ಹಿಡಿದು ಎತ್ತಿದ ಹೆಂಗಸಿನ ರುಂಡ. ಅವಳ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿವೆ, ಬಾಯಿಂದ ಸ್ವಲ್ಪ ರಕ್ತ. ಹಿಂದೆ ನೆಲದ ಮೇಲೆ ಅವಳ ಕಾಲುಗಳು. ಆದರೆ ಗಂಡಸಿನ ಮುಖ ಚೌಕಟ್ಟಿನೊಳಗೇ ಇಲ್ಲ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ರುಂಡ ಬಿಟ್ಟು ಆ ಖಾಲಿ ಜಾಗಕ್ಕೇ ಹೋಗುತ್ತದೆ. ಅವನು ಅಳುತ್ತಿದ್ದಾನಾ, ನಗುತ್ತಿದ್ದಾನಾ?

ಸೆನೆಟರ್ ಕೀಫಾವರ್ ಆ ಸಂಚಿಕೆ ತೋರಿಸಿ, ಇದು ಸದಭಿರುಚಿಯ ಚಿತ್ರವೇ ಎಂದು ಕೇಳಿದರು. ಹಾರರ್ ಕಾಮಿಕ್ಸ್‌ನ ಮುಖಪುಟಕ್ಕೆ ಹೌದು, ಎಂದರು ಗೇನ್ಸ್. ರುಂಡವನ್ನು ಇನ್ನೂ ಸ್ವಲ್ಪ ಮೇಲೆತ್ತಿ, ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ಕೆಟ್ಟ ಅಭಿರುಚಿ ಆಗುತ್ತಿತ್ತು ಅಂತಲೂ ಹೇಳಿದರು. ಮರುದಿನ ಅವರ ಮಾತು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕೋಣೆಯಲ್ಲಿ ಚಿತ್ರವನ್ನು ಚಿತ್ರವಾಗಿ ನೋಡಿ ಮಾತಾಡಿದವರು ಅವರೊಬ್ಬರೇ. ಎಲ್ಲಿ ನಿಲ್ಲಿಸಬೇಕು ಅನ್ನುವುದರ ಮೇಲೇ ಭಯ ನಿಂತಿದೆ, ಅಲ್ವಾ?

ಗೇನ್ಸ್ ಅವರ ಸಂಸ್ಥೆ ಇ.ಸಿ. ಕಾಮಿಕ್ಸ್‌ನ ಹಾರರ್ ಪತ್ರಿಕೆಗಳು ಮೂರು: 'ಟೇಲ್ಸ್ ಫ್ರಮ್ ದ ಕ್ರಿಪ್ಟ್', 'ದ ವಾಲ್ಟ್ ಆಫ್ ಹಾರರ್', 'ದ ಹಾಂಟ್ ಆಫ್ ಫಿಯರ್'. ಮೂರೂ 1950ರಲ್ಲಿ ಶುರುವಾದವು. ಬೆಲೆ 10 ಸೆಂಟ್. ಅಂಗಡಿಯಲ್ಲಿ ನೂರಾರು ಪತ್ರಿಕೆಗಳ ನಡುವೆ ಹುಡುಗನ ಕೈ ಇದಕ್ಕೇ ಬರಬೇಕು, ಅದೂ ಒಂದೇ ನೋಟಕ್ಕೆ. ಹಾಗಾಗಿ ಮುಖಪುಟವೇ ಅರ್ಧ ಕಥೆ ಹೇಳಿ ಸುಮ್ಮನಾಗುತ್ತಿತ್ತು.

ಇ.ಸಿ.ಯ ಚಿತ್ರಕಾರರಲ್ಲಿ ನನಗೆ ಎಲ್ಲರಿಗಿಂತ ಇಷ್ಟ ಗ್ರಹಾಂ ಇಂಗೆಲ್ಸ್. 'ಘಾಸ್ಟ್ಲಿ' (ಭೀಕರ) ಅಂತಲೇ ಸಹಿ ಹಾಕುತ್ತಿದ್ದರು. ಕ್ರೇಗ್ ಗೆರೆ ಅಚ್ಚುಕಟ್ಟು. ಅವರ ಕೊಲೆಗಾರರು ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಚೊಕ್ಕಟವಾದ ಮನೆಯಲ್ಲಿ ಕೊಲ್ಲುತ್ತಾರೆ. ಇಂಗೆಲ್ಸ್ ಚಿತ್ರಗಳಲ್ಲಿ ಎಲ್ಲವೂ ಒದ್ದೆ. ಗೋರಿಯಿಂದ ಎದ್ದ ಹೆಣದ ಬಾಯಿ ತೆರೆದರೆ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಜೊಲ್ಲಿನ ಎಳೆಗಳು. ಹರಿದ ಬಟ್ಟೆ ಯಾವುದು, ಕಳಚಿದ ಚರ್ಮ ಯಾವುದು ಗೊತ್ತಾಗುವುದಿಲ್ಲ. ಬದುಕಿದವರ ಮುಖವೂ ಬೆವರಿನಲ್ಲಿ ಕರಗುತ್ತಿರುತ್ತದೆ. ಕಂಪ್ಯೂಟರಿನಲ್ಲಿ ನುಣ್ಣಗೆ ತೀಡಿದ ಈಗಿನ ಪೋಸ್ಟರುಗಳಲ್ಲಿ ಈ ಹಸಿತನ ನನಗೆ ಕಾಣುವುದಿಲ್ಲ.

ಬಣ್ಣದ ಕೆಲಸ ಮೇರಿ ಸೆವೆರಿನ್ ಅವರದು. ತೀರಾ ಭೀಕರವಾದ ಚಿತ್ರ ಬಂದರೆ ಅದಕ್ಕೆ ಪೂರ್ತಿ ಕಡುನೀಲಿ ಕೊಡುತ್ತಿದ್ದರಂತೆ. ಮುಚ್ಚುವುದಕ್ಕೆ ಹಾಕಿದ ನೀಲಿ ನನ್ನನ್ನು ಮಾತ್ರ ಇನ್ನೂ ಜಾಸ್ತಿ ಹೊತ್ತು ನಿಲ್ಲಿಸುತ್ತದೆ. ಕಣ್ಣು ಕಿರಿದು ಮಾಡಿ ಹುಡುಕಬೇಕಲ್ಲ!

1954ರಲ್ಲೇ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂದು ಪುಸ್ತಕ ಬರೆದರು. ಅಭಿಮಾನಿಗಳು ಅವರನ್ನು ಖಳನಾಯಕ ಮಾಡಿದ್ದಾರೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬಡವರಿಗಾಗಿ ಮಾನಸಿಕ ಚಿಕಿತ್ಸಾಲಯ ತೆರೆದವರೂ ಅವರೇ, ಅದನ್ನು ಮರೆಯಬಾರದು. ವರ್ಷ ಮುಗಿಯುವುದರೊಳಗೆ ಪ್ರಕಾಶಕರೇ ಸೇರಿ ತಮಗೆ ತಾವೇ 'ಕಾಮಿಕ್ಸ್ ಕೋಡ್' ಎಂಬ ನಿಯಮಾವಳಿ ಮಾಡಿಕೊಂಡರು. ಶೀರ್ಷಿಕೆಯಲ್ಲಿ 'ಹಾರರ್', 'ಟೆರರ್' ಎಂಬ ಪದಗಳಿಲ್ಲ. ರಕ್ತಪಿಶಾಚಿ ಇಲ್ಲ, ನಡೆದಾಡುವ ಹೆಣ ಇಲ್ಲ. 1955ರ ಹೊತ್ತಿಗೆ ಗೇನ್ಸ್ ಅವರ ಮೂರೂ ಪತ್ರಿಕೆ ನಿಂತವು. ರಕ್ತಪಿಶಾಚಿಗಳಿಗೆ ಮತ್ತೆ ಅನುಮತಿ ಸಿಕ್ಕಿದ್ದು 1971ರಲ್ಲಿ.

ಮೂಲ ಚಿತ್ರಗಳಿಗೆ ಯಾರೂ ಬೆಲೆ ಕೊಡದಿದ್ದ ಕಾಲದಲ್ಲಿ ಗೇನ್ಸ್ ತಮ್ಮವನ್ನೆಲ್ಲ ಜೋಪಾನವಾಗಿ ಎತ್ತಿಟ್ಟರು. ಈ ಒಂದು ಕಾರಣಕ್ಕೆ ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಮುಂದೆ ರಸ್ ಕಾಕ್ರನ್ ಎಂಬ ಪ್ರಕಾಶಕರು ಅವುಗಳಿಂದಲೇ ಕಪ್ಪು ಬಿಳುಪಿನ ದೊಡ್ಡ ಸಂಪುಟಗಳನ್ನು ಅಚ್ಚು ಹಾಕಿಸಿದರು. ಅಗ್ಗದ ಕಾಗದದ ಮಬ್ಬು ಬಣ್ಣದಲ್ಲಿ ಮಾತ್ರ ಇಂಗೆಲ್ಸ್ ಅವರನ್ನು ನೋಡಿದವರು ಇವುಗಳಲ್ಲೂ ಒಮ್ಮೆ ನೋಡಬೇಕು. ಕುಂಚ ಎಲ್ಲಿ ಒತ್ತಿದೆ, ಎಲ್ಲಿ ಮಸಿ ಮುಗಿಯುತ್ತಾ ಗೆರೆ ಒಡೆದಿದೆ, ಎಲ್ಲವೂ ಅಲ್ಲಿ ಕಾಣುತ್ತದೆ.