ಕಕ್ಕಡದಲ್ಲಿ ಒಣಗದ ಬಟ್ಟೆ

ಕೊಡಗಿನ ಸೋಮವಾರಪೇಟೆ ಕಡೆಯ ಗುಡ್ಡದ ಮೇಲೆ ಕಟ್ಟಿದ 20 ಹಾಸಿಗೆಯ ಧರ್ಮಾರ್ಥ ಮಕ್ಕಳ ಆಸ್ಪತ್ರೆಯನ್ನು ಏಪ್ರಿಲ್‌ನಲ್ಲಿ ನೋಡಿದವರೆಲ್ಲ ಹೊಗಳಿಯೇ ಹೋದರು. ನಿಜವಾದ ಪರೀಕ್ಷೆ ಇಟ್ಟುಕೊಂಡದ್ದು ಆಗಸ್ಟ್ 3ಕ್ಕೆ, ಕೊಡವರ ಜಡಿಮಳೆಯ ತಿಂಗಳಾದ ಕಕ್ಕಡದ ಹದಿನೆಂಟನೇ ದಿನ. ಒಪಿಡಿ ಆಗಲೇ ನಡೆಯುತ್ತಿತ್ತು. ವಾರ್ಡಿಗೆ ಮಕ್ಕಳನ್ನು ಸೇರಿಸುವ ಮೊದಲು ಖಾಲಿ ಮಂಚಗಳನ್ನಿಟ್ಟುಕೊಂಡೇ ಒಂದಿಡೀ ದಿನ ಎಲ್ಲ ಯಂತ್ರಗಳನ್ನೂ ಓಡಿಸಿ ನೋಡುವುದೆಂದಿತ್ತು. ಹಿಂದಿನ ರಾತ್ರಿ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ಬೇಕಿದ್ದದ್ದೂ ಅದೇ.

ಮೊದಲು ಹಿತ್ತಿಲ ಕಡೆಯ ತಡೆಗೋಡೆ. ಗುಡ್ಡ ಕಡಿದು ಜಾಗ ಮಾಡಿದ ಮೇಲೆ, ಗೋಡೆ ಎಷ್ಟು ದಪ್ಪ ಎನ್ನುವುದಕ್ಕಿಂತ ಅದರ ಬೆನ್ನಿಗೆ ನಿಂತ ನೀರು ಹೇಗೆ ಹೊರಬೀಳುತ್ತದೆ ಎನ್ನುವುದು ಮುಖ್ಯ. 2018ರ ಆಗಸ್ಟ್‌ನ ಗುಡ್ಡಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಜಡಿಯುವಾಗ ಗೋಡೆಯಲ್ಲಿಟ್ಟ ಪೈಪುಗಳ ಬಾಯಿ ನೋಡಬೇಕು: ತಿಳಿನೀರು ಬಂದರೆ ಸರಿ, ಕೆಂಪುನೀರಾದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ, ಏನೂ ಬಾರದಿದ್ದರೆ ಇನ್ನೂ ಭಯ. ಹದಿನಾಲ್ಕರಲ್ಲಿ ಮೂರು ಒಣಗಿದ್ದವು. ಸರಳು ತೂರಿಸಿದರೆ ತುದಿಗೆ ಅಂಟಿ ಬಂದದ್ದು ಜೇಡಿ. ಆ ಮೂಲೆಯಲ್ಲಿ ಗೋಡೆಯ ಬೆನ್ನಿಗೆ ಜಲ್ಲಿ ತುಂಬುವ ಬದಲು ಅಗೆದ ಮಣ್ಣನ್ನೇ ತುಂಬಿದ್ದರು; ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೋದ ಜನವರಿಯಲ್ಲಿ ಅವಸರವಾಗಿ ಮುಗಿಸಿದ ಭಾಗ ಅದು. ಇಲ್ಲಿ ಕಟ್ಟುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ಮಳೆಯದು, ಡಿಸೆಂಬರ್‌ನಿಂದ ಫೆಬ್ರುವರಿ ಕಾಫಿಯದು. ಉಳಿದ ತಿಂಗಳಲ್ಲಿ ಆದದ್ದೇ ಕೆಲಸ.

ಹನ್ನೊಂದು ಗಂಟೆಗೆ ಜನರೇಟರ್ ಟ್ರಿಪ್ ಆಯಿತು. 25 ಕೆವಿಎ ಎಂದರೆ ಕೈಗೆ ಸಿಗುವುದು ಸುಮಾರು 20 ಕಿಲೋವ್ಯಾಟ್. ಬಟ್ಟೆಯ ಡ್ರೈಯರ್ 12, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್ 9. ಎರಡೂ ಒಟ್ಟಿಗೆ ಕಾಯತೊಡಗಿದ್ದವು. ಮಾನಿಟರ್, ಸಿರಿಂಜ್ ಪಂಪ್‌ಗಳಿಗೆ ಯುಪಿಎಸ್ ಇದೆ. ಕೂಸನ್ನು ಬೆಚ್ಚಗಿಡುವ ಬೇಬಿ ವಾರ್ಮರ್ ಹೀಟರಿನ ಜಾತಿ, ಬ್ಯಾಟರಿ ಕುಡಿದುಬಿಡುತ್ತದೆಂದು ಅದನ್ನು ಹೊರಗಿಟ್ಟಿದ್ದರು. 26ರಿಂದ 28 ಡಿಗ್ರಿ ಇರಬೇಕಾದ ನವಜಾತ ಶಿಶುಗಳ ಕೋಣೆ, ಮತ್ತೆ ಚಾಲೂ ಆಗುವಷ್ಟರಲ್ಲಿ 23ಕ್ಕೆ ಇಳಿದಿತ್ತು. ಪುಣ್ಯಕ್ಕೆ ವಾರ್ಮರುಗಳು ಖಾಲಿ.

ಹಾಗೆಂದು ಡ್ರೈಯರ್ ಬಿಡುವಂತಿಲ್ಲ. ಅಂದಾಜುಪಟ್ಟಿ ಕೈಗೆ ಸಿಕ್ಕರೆ ದಾನಿಗಳು ಮೊದಲು ಹೊಡೆದುಹಾಕುವುದು ಅದನ್ನೇ, ದೊಡ್ಡಸ್ತಿಕೆ ಎಂದು. ವಾಂತಿ, ಭೇದಿ, ಉಚ್ಚೆ ಅಂತ ಮಕ್ಕಳ ಮಂಚಕ್ಕೆ ದಿನಕ್ಕೆ ಮೂರು ಹಾಸು ಹಿಡಿದರೂ 20 ಮಂಚಕ್ಕೆ 60. ಕಕ್ಕಡದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ತಣ್ಣಗೆ, ಮುಗ್ಗಲು ವಾಸನೆ. ಒದ್ದೆ ಬಟ್ಟೆ ಕೂಸಿನ ಮೈಕಾವನ್ನೇ ಹೀರುತ್ತದೆ. ಮನೆಯಲ್ಲಾದರೆ ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸಬಹುದು. ಆಕ್ಸಿಜನ್ ಇರುವ ಕಡೆ ಕೆಂಡ ಸುಳಿಯಬಾರದು. ಕೊನೆಗೆ ಹೊರಗಿನ ಶೆಡ್ಡಿನಲ್ಲಿ ಗ್ಯಾಸ್ ಡ್ರೈಯರ್, ಆಟೋಕ್ಲೇವ್‌ಗೆ ಬೇರೆ ಹೊತ್ತು, ಎರಡು ವಾರ್ಮರ್‌ಗೆ ಪ್ರತ್ಯೇಕ ಬ್ಯಾಟರಿ ಎಂದಾಯಿತು.

ಆಕ್ಸಿಜನ್ ಲೆಕ್ಕ ಸರಳ, ಆದರೆ ತಪ್ಪುವುದೂ ಅಲ್ಲೇ. ದೊಡ್ಡ ಡಿ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್. ನ್ಯುಮೋನಿಯಾದ ಒಂದು ಮಗುವಿಗೆ ನಿಮಿಷಕ್ಕೆ 2 ಲೀಟರ್ ಎಂದರೆ 58 ಗಂಟೆ, ಅಂಥ ನಾಲ್ಕು ಮಕ್ಕಳಾದರೆ ಹದಿನಾಲ್ಕೂವರೆ. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಕಾನ್ಸನ್‌ಟ್ರೇಟರ್ ಇದೆಯಲ್ಲ ಎಂದು ಕೂರುವಂತಿಲ್ಲ: ಒಳಗೆ ಸಾರಜನಕ ಹಿಡಿದಿಡುವ ಜಿಯೋಲೈಟ್ ಹರಳು ಥಂಡಿ ಹೀರಿ ಕೆಟ್ಟರೆ ಗಾಳಿ ಬರುತ್ತಲೇ ಇರುತ್ತದೆ, ಆಕ್ಸಿಜನ್ ಪ್ರಮಾಣ ಬಿದ್ದಿರುತ್ತದೆ. ವಾರಕ್ಕೊಮ್ಮೆ ಅಳೆಯಲೇಬೇಕು.

ಸಂಜೆ ಒಪಿಡಿಗೆ ತೋಟದಾಳುಗಳ ಲೈನ್ ಮನೆಯ ತಾಯಿಯೊಬ್ಬರು ಮಗುವನ್ನು ಅವಚಿಕೊಂಡು ಓಡಿ ಬಂದರು. ಚಡ್ಡಿಯ ತುಂಬ ಕೆಂಪು ಉಚ್ಚೆ. ಸಿಸ್ಟರ್ ಗಾಬರಿಯಾಗಲಿಲ್ಲ. “ತೋಟದ ಮನೇಲಿ ಪಾಯಸ ಕೊಟ್ರಾ ಅಕ್ಕಾ?” ಬೆಳಿಗ್ಗೆ ಮಗು ಒಂದು ಬಟ್ಟಲು ಮದ್ದುಸೊಪ್ಪಿನ ಪಾಯಸ ಕುಡಿದಿತ್ತಂತೆ; ಕಕ್ಕಡ ಹದಿನೆಂಟಕ್ಕೆ ಕೊಡಗಿನ ಮನೆಗಳಲ್ಲಿ ಮಾಡುವುದೇ ಅದು. ಆ ಬಣ್ಣ ಉಚ್ಚೆಗೆ ಇಳಿಯುವುದು ಕೊಡಗಿನವರಿಗೆ ಗೊತ್ತು, ಕೆಲಸಕ್ಕೆಂದು ಹೊಸದಾಗಿ ಬಂದವರಿಗೆ ಹೇಗೆ ಗೊತ್ತಾಗಬೇಕು? ಆದರೂ ಉಚ್ಚೆಗೆ ಪರೀಕ್ಷೆಯ ಪಟ್ಟಿ ಅದ್ದಿ, ರಕ್ತವಿಲ್ಲವೆಂದು ಚೀಟಿಯಲ್ಲಿ ಬರೆದರು. ಮಗುವಿಗೆ ಉಡಿಸಲು ಆ ತಾಯಿಯ ಚೀಲದಲ್ಲಿದ್ದ ಇನ್ನೊಂದು ಚಡ್ಡಿಯೂ ಒದ್ದೆ. ಡ್ರೈಯರಿನಿಂದ ಆಗಷ್ಟೇ ತೆಗೆದಿದ್ದ ಬಿಸಿ ಹಾಸೊಂದನ್ನು ಸುತ್ತಿ ಕಳಿಸಿದರು.